ಕಂಡಕ್ಟರ್ ಡೊಂಬಯ್ಯ ಬಾಯಿ ಮುಚ್ಚಿದ್ದು

ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗುವ ‘ಮಂದಾರ’ ಬಸ್ಸಿನ ಕಂಡಕ್ಟರ್ ಡೊಂಬಯ್ಯನಿಗೆ ದೇವರು ಕೊಟ್ಟ ಆಸ್ತಿಯೆಂದರೆ ಗಂಟಲು. ಸ್ಟ್ಯಾಂಡಿನಲ್ಲಿ ನಿಂತು ಅವನು ಒಮ್ಮೆ “ರಾಯಿ, ಸಿದ್ದಕಟ್ಟೆ, ಮೂಡುಬಿದ್ರೆ” ಎಂದರೆ ಸಾಕು, ರಸ್ತೆಯಾಚೆಯ ಹೋಟೆಲಿನಲ್ಲಿ ಚಹಾ ಹೀರುತ್ತಿದ್ದವರು ಅರ್ಧ ಲೋಟ ಅಲ್ಲೇ ಬಿಟ್ಟು ಓಡಿಬರುತ್ತಾರೆ. ಮೂವತ್ತೊಂದು ವರ್ಷಗಳಲ್ಲಿ ಅವನು ಮೂವರು ಮಾಲಕರನ್ನೂ ಏಳು ಬಸ್ಸುಗಳನ್ನೂ ಕಂಡಿದ್ದಾನೆ. ಟಿಕೆಟಿನ ಪುಸ್ತಕ ಹೋಗಿ ಮೆಷಿನ್ ಬಂತು, ತಲೆಗೂದಲು ಹೋಗಿ ಟೋಪಿ ಬಂತು, ಬಾಯಿ ಮಾತ್ರ ಇದ್ದ ಹಾಗೇ ಇದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಬರಿಯ ಬಾಯಿಯಲ್ಲ, ಉಪಕಾರದ ಬಾಯಿ. ನಮ್ಮ ಕಡೆಯ ಬಸ್ಸುಗಳಲ್ಲಿ ಇಳಿಯುವವರು ಸ್ಟಾಪು ಬರುವ ಮೊದಲು “ಜಪ್ಪರೆ ಉಂಡು” ಎಂದು ಕೂಗುವುದು ರೂಢಿ. ಇಳಿಯಲಿಕ್ಕುಂಟು ಎಂದು ಆ ತುಳು ಮಾತಿನ ಅರ್ಥ. ಆ ಕೂಗು ಕೇಳಿದ ಮೇಲೆ ಕಂಡಕ್ಟರ್ ವಿಸಿಲ್ ಊದಬೇಕು, ಆಮೇಲೆ ಡ್ರೈವರ್ ಬ್ರೇಕ್ ಒತ್ತಬೇಕು. ಆದರೆ ‘ಮಂದಾರ’ದಲ್ಲಿ ಕೂಗುವ ಕಷ್ಟ ಯಾರಿಗೂ ಇಲ್ಲ. “ಅಜ್ಜೀ, ನಿಮ್ಮ ಸ್ಟಾಪು ಬಂತು, ಕೊಡೆ ಸೀಟಿನಡಿಯಲ್ಲಿ ಉಂಟು” ಎಂದು ಡೊಂಬಯ್ಯನೇ ಮೊದಲು ಹೇಳಿಬಿಡುತ್ತಾನೆ. ಯಾರು ಎಲ್ಲಿ ಹತ್ತುತ್ತಾರೆ, ಎಲ್ಲಿ ಇಳಿಯುತ್ತಾರೆ, ಯಾರ ಮೊಣಕಾಲಿಗೆ ಯಾವ ಎಣ್ಣೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಜನ ಅದಕ್ಕೇ ಒಗ್ಗಿಹೋಗಿ ನೆಮ್ಮದಿಯಿಂದ ನಿದ್ದೆ ಹೊಡೆಯುತ್ತಾರೆ.

ಇಂಥವನಿಗೆ ಬಾಯಿ ಮುಚ್ಚಿಕೊಂಡಿರುವ ಪರೀಕ್ಷೆಯೊಂದು ಕಳೆದ ನವೆಂಬರಿನಲ್ಲಿ ಬಂತು.

ಪರೀಕ್ಷೆ ತಂದವಳು ಸೋರ್ನಾಡಿನ ಪದ್ಮಾಕ್ಷಿಯ ಮಗಳು ದೀಕ್ಷಿತಾ. ವಯಸ್ಸು ಹದಿನಾಲ್ಕು. ಬುದ್ಧಿಯ ಬೆಳವಣಿಗೆ ನಿಧಾನ ಎಂದು ಡಾಕ್ಟರರು ಅವಳು ಮಗುವಾಗಿದ್ದಾಗಲೇ ಹೇಳಿದ್ದರು. ಮಾತು ಬರುತ್ತದೆ, ಆದರೆ ಆಡುವ ಮೊದಲು ತುಂಬ ಹೊತ್ತು ಹುಡುಕುತ್ತಾಳೆ. ಅವಳು ಹುಡುಕಿ ಮುಗಿಸುವಷ್ಟರಲ್ಲಿ ಪಕ್ಕದವರು ಅವಳ ಪರವಾಗಿ ಆಡಿ ಮುಗಿಸಿರುತ್ತಾರೆ. ಏಳನೆಯ ತರಗತಿಯ ತನಕ ಮನೆಯ ಹತ್ತಿರದ ಶಾಲೆಯಲ್ಲಿ ಮುಂದಿನ ಬೆಂಚಿನಲ್ಲಿ ಕೂರಿಸಿ, “ಪಾಪ” ಎಂದು ಹೇಳಿ ಪಾಸು ಮಾಡಿದರು. ಈ ‘ಪಾಪ’ ಎನ್ನುವುದು ನಮ್ಮೂರಿನಲ್ಲಿ ಬಹಳ ಒಳ್ಳೆಯ ಮಾತು. ಹೇಳಿದವರಿಗೆ ಪುಣ್ಯ ಬರುತ್ತದೆ, ಹೇಳಿಸಿಕೊಂಡವರು ಕೂತಲ್ಲೇ ಕೂತಿರುತ್ತಾರೆ. ಏಳು ವರ್ಷ ಹಾಗೆ ಕೂತೆದ್ದ ದೀಕ್ಷಿತಾ ಜೂನ್ ತಿಂಗಳಲ್ಲಿ ಮೂಡುಬಿದಿರೆ ಕಡೆಯ ಒಂದು ಹೈಸ್ಕೂಲಿಗೆ ಎಂಟನೆಯ ತರಗತಿಗೆ ಸೇರಿದಳು. ಅಲ್ಲಿ ಸಜ್ನಾ ಟೀಚರ್ ಇದ್ದರು.

ಸಜ್ನಾ ಟೀಚರ್ ಇಂಥ ಮಕ್ಕಳಿಗಾಗಿಯೇ ತರಬೇತಿ ಪಡೆದ ವಿಶೇಷ ಶಿಕ್ಷಕಿ. ಮಕ್ಕಳನ್ನು ಬೇರೆ ಕೋಣೆಯಲ್ಲಿ ಕೂಡಿಹಾಕುವುದು ಅವರಿಗೆ ಆಗದು. ಪಾಠ ಎಲ್ಲರಿಗೂ ಒಂದೇ, ಮೆಟ್ಟಿಲು ಮಾತ್ರ ಅವರವರ ಕಾಲಿಗೆ ತಕ್ಕದ್ದು ಎಂದು ಅವರ ಲೆಕ್ಕ. ಸಮಾಜ ಪಾಠದಲ್ಲಿ ಉಳಿದವರು ಜಿಲ್ಲೆಯ ನಕ್ಷೆ ಬಿಡಿಸುವಾಗ ದೀಕ್ಷಿತಾ ಮನೆಯಿಂದ ಶಾಲೆಯ ತನಕದ ಬಸ್‌ಸ್ಟಾಪುಗಳ ಫೋಟೋಗಳನ್ನು ಸಾಲಾಗಿ ಅಂಟಿಸಬೇಕು. ಗಣಿತದಲ್ಲಿ ಅವರು ಶೇಕಡಾವಾರು ಕಲಿತರೆ ಇವಳು ಟಿಕೆಟು, ಚಿಲ್ಲರೆ. ಕನ್ನಡದಲ್ಲಿ ಅವರು ಪತ್ರ ಬರೆದರೆ ಇವಳು ಗುರುತಿಲ್ಲದವರ ಹತ್ತಿರ ಒಂದು ಪೂರ್ತಿ ವಾಕ್ಯದಲ್ಲಿ ಏನಾದರೂ ಕೇಳಿ ಬರಬೇಕು. ಮೂರೂ ಪಾಠಗಳು ಸೇರಿ ಅವಳ ಯೋಜನೆಯ ಹಾಳೆಯಲ್ಲಿ ಒಂದು ದೊಡ್ಡ ಪಾಠವಾಗಿ ಕೂತಿದ್ದವು: ಬಸ್ಸಿನಲ್ಲಿ ಒಬ್ಬಳೇ ಶಾಲೆಗೆ ಬರುವುದು.

ಅದು ಹಾಳೆಯ ಮೇಲಿನ ಆಸೆ ಮಾತ್ರ ಆಗಿದ್ದರೆ ಅವಸರವಿರಲಿಲ್ಲ. ದೀಕ್ಷಿತಾಳ ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆಗಿದ್ದಾನೆ. ಪದ್ಮಾಕ್ಷಿ ಬೀಡಿ ಕಟ್ಟುತ್ತ, ದಿನಾ ಬೆಳಿಗ್ಗೆ ಮಗಳ ಜತೆ ಬಸ್ಸು ಹತ್ತಿ ಶಾಲೆಗೆ ಬಿಟ್ಟು ಬರುತ್ತಿದ್ದಳು. ಈಗ ಅವಳಿಗೆ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿತ್ತು. ತಿಂಗಳ ಕೊನೆಯ ಸೋಮವಾರದಿಂದ ಬೆಳಿಗ್ಗೆ ಏಳೂವರೆಗೆ ಅಲ್ಲಿರಬೇಕು. ಸಂಜೆ ಬೇಗ ಬಿಡುತ್ತಾರೆ, ಮಗಳನ್ನು ಕರೆತರಬಹುದು. ಬೆಳಿಗ್ಗೆಯದೇ ತೊಡಕು. “ಅವಳಿಗೆ ಒಬ್ಬಳೇ ಹೋಗ್ಲಿಕ್ಕೆ ಆದ್ರೆ ಶಾಲೆ. ಇಲ್ಲದಿದ್ರೆ ಮನೆಯಲ್ಲೇ ಇರ್ಲಿ ಟೀಚರ್, ನಾನು ಎಂತ ಮಾಡುದು?” ಎಂದು ಪದ್ಮಾಕ್ಷಿ ಹೇಳಿ ಆಗಿತ್ತು.

ಹಾಗಾಗಿ ಒಂದು ಬೆಳಿಗ್ಗೆ ಮೂಡುಬಿದಿರೆ ಸ್ಟ್ಯಾಂಡಿನಲ್ಲಿ ಸಜ್ನಾ ಟೀಚರ್ ಹಾಳೆ ಹಿಡಿದುಕೊಂಡು ‘ಮಂದಾರ’ ಹತ್ತಿದರು.

“ಡೊಂಬಯ್ಯಣ್ಣ, ಇದರಲ್ಲಿ ನಿಮಗೂ ಒಂದು ಪಾಠ ಉಂಟು.”

“ನನಗಾ? ನಾನು ಓದಿದ್ದು ಏಳನೇ ಕ್ಲಾಸು ಟೀಚರ್. ಅದೂ ಮಾಷ್ಟ್ರು ತಳ್ಳಿ ದಾಟಿಸಿದ್ದು.”

“ಕಷ್ಟದ್ದೇನಲ್ಲ. ದೀಕ್ಷಿತಾ ಇಳಿಯುವ ಸ್ಟಾಪು ಬರುವಾಗ ನೀವು ಅವಳಿಗೆ ಹೇಳಬಾರದು. ಅಷ್ಟೇ.”

ಡ್ರೈವರ್ ಹನೀಫಾ ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. “ಟೀಚರ್, ಅದರ ಬದಲು ನನ್ನತ್ರ ಕಣ್ಣು ಮುಚ್ಚಿ ಬಸ್ಸು ಬಿಡ್ಲಿಕ್ಕೆ ಹೇಳಿ. ಅದು ಸುಲಭ ಉಂಟು.”

ಹಾಳೆಯಲ್ಲಿ ಮೂರು ಕಾಲಮ್ಮುಗಳಿದ್ದವು. ಕೈಹಿಡಿದು, ಬಾಯಿಮಾತಿನಿಂದ, ತಾನೇ. ಎಡಬದಿಗೆ ಮಾಡಬೇಕಾದ ಕೆಲಸಗಳು: ಬಸ್ಸು ಹತ್ತುವುದು, ಟಿಕೆಟು ಕೇಳುವುದು, ಸ್ಟಾಪು ಗುರುತಿಸಿ ಬಾಗಿಲಿಗೆ ಬರುವುದು. ದಿನಾ ಯಾವ ಕಾಲಮ್ಮಿನಲ್ಲಿ ಆಯಿತೋ ಅಲ್ಲಿ ಡೊಂಬಯ್ಯ ಟಿಕ್ ಹಾಕಬೇಕು. ಕೊನೆಯ ಸಾಲು ಓದಿ ಅವನಿಗೆ ಸಿಟ್ಟೇ ಬಂತು.

“‘ಸ್ಟಾಪು ತಪ್ಪಿದರೆ ಏನು ಮಾಡುತ್ತಾಳೆ?’ ಅಂತ ಬರೆದಿದ್ದೀರಿ. ಇದೆಂಥ ಅಪಶಕುನ ಟೀಚರ್? ತಪ್ಪಲಿಕ್ಕೆ ನಾನು ಬಿಡ್ತೇನಾ?”

“ನೀವು ಬಿಡುವುದಿಲ್ಲ ಅಂತಲೇ ಅದನ್ನು ಬರೆದದ್ದು,” ಎಂದರು ಟೀಚರ್. ಡೊಂಬಯ್ಯನಿಗೆ ಅರ್ಥವಾಗಲಿಲ್ಲ. ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡ.

ದೀಕ್ಷಿತಾ ಇಳಿಯಬೇಕಾದದ್ದು ಮೂಡುಬಿದಿರೆ ಸ್ಟ್ಯಾಂಡಿಗೆ ಎರಡು ಕಿಲೋಮೀಟರ್ ಮೊದಲು, ಮರದ ಮಿಲ್ಲಿನ ಹತ್ತಿರ. ರಸ್ತೆಬದಿಗೆ ದಿಮ್ಮಿಗಳ ರಾಶಿ, ಎದುರಿಗೆ ಶಾಲೆಯ ಗೇಟು. ಆ ಶಾಲೆಯ ಉಳಿದ ಮಕ್ಕಳು ಸುತ್ತಮುತ್ತಲಿನವರು, ನಡೆದೋ ಸೈಕಲ್ಲಿನಲ್ಲೋ ಬರುವವರು. ಆ ಹೊತ್ತಿಗೆ ‘ಮಂದಾರ’ದಿಂದ ಅಲ್ಲಿ ಇಳಿಯುವವಳು ದೀಕ್ಷಿತಾ ಒಬ್ಬಳೇ. ಯೋಜನೆಯ ಪ್ರಕಾರ ಪದ್ಮಾಕ್ಷಿ ಹಿಂದಿನ ಸೀಟಿನಲ್ಲಿ ಗುರುತಿಲ್ಲದವಳಂತೆ ಕೂರಬೇಕು. ದೀಕ್ಷಿತಾ ಎಡಗಡೆಯ ಮೂರನೇ ಸೀಟಿನಲ್ಲಿ, ಕಿಟಕಿಯ ಬದಿಗೆ.

ಮೊದಲ ದಿನ ಮಿಲ್ಲು ಕಾಣುವ ಮೊದಲೇ ಡೊಂಬಯ್ಯ “ದೀಕ್ಷಿತಾ ಮಗಾ, ಬ್ಯಾಗು ಹಾಕ್ಕೋ” ಎಂದುಬಿಟ್ಟ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. ಎರಡನೆಯ ದಿನ ನಾಲಿಗೆ ಮೊದಲೇ ಕಚ್ಚಿ ಹಿಡಿದಿದ್ದ, ಆದರೆ ಕೈ ಕೇಳಲಿಲ್ಲ, ಹೋಗಿ ಅವಳ ಭುಜ ತಟ್ಟಿತು. ಮೂರನೆಯ ದಿನ ಕೈಯನ್ನೂ ಕಟ್ಟಿಕೊಂಡು ನಿಂತಿದ್ದಾಗ ಅಂಗನವಾಡಿಯ ಮೋಹಿನಿ ಟೀಚರ್ ಹಿಂದಿನಿಂದ, “ಬಾಲೆ, ನಿನ್ನ ಶಾಲೆ ಬಂತಲ್ಲ, ಇಳಿ” ಎಂದು ಎಬ್ಬಿಸಿದರು. ಆ ವಾರ ಎರಡನೆಯ ಕಾಲಮ್ಮು ತುಂಬಿತು. ಸಜ್ನಾ ಟೀಚರ್ ಹಾಳೆ ನೋಡಿ, “ದೀಕ್ಷಿತಾಗೆ ಇನ್ನೂ ಪರೀಕ್ಷೆಯೇ ಶುರುವಾಗ್ಲಿಲ್ಲ ಡೊಂಬಯ್ಯಣ್ಣ. ಈಗ ಫೇಲ್ ಆದದ್ದು ನೀವು” ಎಂದರು.

ಅದು ಅವನಿಗೆ ನಾಟಿತು. ಮೂವತ್ತೊಂದು ವರ್ಷದಲ್ಲಿ ಅವನನ್ನು ಮಾಲಕರೂ ಹಾಗೆ ಅಂದಿರಲಿಲ್ಲ. ಮಾರನೆಯ ಸೋಮವಾರ ಬಸ್ಸು ಸೋರ್ನಾಡು ತಲುಪುವ ಮೊದಲೇ ದಿನನಿತ್ಯದ ಪ್ರಯಾಣಿಕರಿಗೆಲ್ಲ ಎದ್ದು ನಿಂತು ಭಾಷಣ ಮಾಡಿದ. “ನೋಡಿ, ಒಂದು ಹುಡುಗಿಯ ಶಾಲೆಯ ವಿಷಯ. ಮಿಲ್ಲಿನ ಸ್ಟಾಪು ಬರುವಾಗ ಯಾರೂ ಪಿಟ್ಟೆನ್ನಬಾರದು. ಅಂದವರಿಗೆ ನಾಳೆಯಿಂದ ಸೀಟಿಲ್ಲ.”

ನಮ್ಮ ಜನ ಒಳ್ಳೆಯವರು, ಹೇಳಿದ ಮಾತು ಕೇಳುವವರು. ಮಿಲ್ಲಿಗಿಂತ ಮೊದಲು ಸಿಗುವ ಪುಚ್ಚೆಮೊಗರು ದಾಟಿದ್ದೇ ತಡ, ಐವತ್ತು ಮಂದಿಯ ಬಸ್ಸು ಗಪ್‌ಚಿಪ್ಪಾಯಿತು. ಫೋನಿನಲ್ಲಿದ್ದವರು ಫೋನಿಟ್ಟರು. ಹನೀಫಾ ಹಾಡು ನಿಲ್ಲಿಸಿದ. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವ ಹೆಂಗಸೊಬ್ಬಳು ಬಂದ ಕೆಮ್ಮನ್ನು ಸೆರಗಿನೊಳಗೆ ಅದುಮಿಟ್ಟಳು. ಡೊಂಬಯ್ಯ ಉಸಿರು ಬಿಗಿಹಿಡಿದು ಬಾಗಿಲಲ್ಲಿ ನಿಂತ. ದಿಮ್ಮಿಗಳ ರಾಶಿ ಕಂಡಿತು. ದೀಕ್ಷಿತಾ ತಲೆಯೆತ್ತಿದಳು, ಬ್ಯಾಗು ಹೆಗಲಿಗೇರಿಸಿದಳು, ಎದ್ದು ಬಾಗಿಲಿಗೆ ಬಂದಳು. ಅವಳು ಇಳಿದ ಮೇಲೆ ಬಸ್ಸಿಗೆ ಬಸ್ಸೇ ಚಪ್ಪಾಳೆ ತಟ್ಟಿತು. ಡೊಂಬಯ್ಯ ಮೂರನೆಯ ಕಾಲಮ್ಮಿನಲ್ಲಿ ಮೊದಲ ಟಿಕ್ ಹಾಕಿದ. ಸಂಭ್ರಮದಲ್ಲಿ ಅದು ಎರಡು ಮನೆ ದಾಟಿ ಹೋಯಿತು.

ಮಂಗಳವಾರವೂ ಹಾಗೆಯೇ ಆಯಿತು. ಬುಧವಾರ, ಗುರುವಾರ, ಶುಕ್ರವಾರ. ಐದು ದಿನ, ಐದು ಟಿಕ್. ಶುಕ್ರವಾರ ಡೊಂಬಯ್ಯ ಎಲ್ಲರಿಗೂ ಕಡಲೆಮಿಠಾಯಿ ಹಂಚಿದ. ಮನೆಗೆ ಹೋಗಿ ಹೆಂಡತಿ ಸರಸಳ ಹತ್ತಿರ, “ನಾನು ಬಾಯಿ ಮುಚ್ಚಿದ್ದಕ್ಕೆ ಒಂದು ಹುಡುಗಿ ಪಾಸಾದಳು ಮಾರಾಯ್ತಿ” ಎಂದು ಕೊಚ್ಚಿಕೊಂಡ. “ಮನೆಯಲ್ಲೂ ಸ್ವಲ್ಪ ಮುಚ್ಚಿದ್ರೆ ನಾನೂ ಪಾಸಾಗ್ತಿದ್ದೆ” ಎಂದಳು ಸರಸ.

ಶನಿವಾರ ಮೊದಲ ಬಾರಿಗೆ ಪದ್ಮಾಕ್ಷಿ ಬಸ್ಸು ಹತ್ತಲಿಲ್ಲ. ಅದೂ ಯೋಜನೆಯಲ್ಲೇ ಇತ್ತು. ಒಂದು ದಿನ ಪೂರ್ತಿ ಒಬ್ಬಳೇ, ಸೋಮವಾರದಿಂದ ಅಮ್ಮ ಫ್ಯಾಕ್ಟರಿಗೆ. ಅವರ ಮನೆ ಸ್ಟಾಪಿನ ಬೆನ್ನಿಗೇ ಇದೆ. ಹಾರ್ನ್ ಕೇಳಿ ದೀಕ್ಷಿತಾ ತಾನೇ ಬಂದು ಹತ್ತಿದಳು, ತಾನೇ ಟಿಕೆಟು ಕೇಳಿದಳು, ತನ್ನ ಸೀಟಿನಲ್ಲಿ ಕೂತಳು.

ಆದರೆ ಆ ದಿನ ಮೂಡುಬಿದಿರೆಯಲ್ಲಿ ಕಾಲೇಜು ಮಕ್ಕಳ ಕ್ರೀಡಾಕೂಟ. ಬಂಟ್ವಾಳದಲ್ಲೇ ಒಂದು ತಂಡ ನುಗ್ಗಿ ಬಸ್ಸು ತುಂಬಿಹೋಗಿತ್ತು. ಸೀಟಿನ ಬೆನ್ನಿಗೆ ತಾಳ ಹಾಕಿ ಹಾಡು, ಕೇಕೆ, ಒಬ್ಬರ ಮೇಲೊಬ್ಬರು. ದಿನನಿತ್ಯದವರು ಮೂಲೆಯಲ್ಲಿ ಹಣ್ಣಾಗಿ ನಿಂತಿದ್ದರು. “ದುಂಬು ಪೋಲೆ, ದುಂಬು, ಮುಂದೆ ಹೋಗಿ” ಎಂದು ಕೂಗಿ ಕೂಗಿ ಡೊಂಬಯ್ಯ ಮುಂದಿನ ಬಾಗಿಲಿನ ಹತ್ತಿರ ಟಿಕೆಟು ಕೊಡುತ್ತ ಸಿಕ್ಕಿಕೊಂಡ. ಚಿಲ್ಲರೆ ಎಣಿಸಿ ತಲೆಯೆತ್ತಿ ನೋಡಿದರೆ ಹೊರಗೆ ಸ್ಟ್ಯಾಂಡಿನ ಅಂಗಡಿಗಳ ಸಾಲು. ಮಿಲ್ಲು ಯಾವಾಗಲೋ ಹಿಂದೆ ಹೋಗಿತ್ತು.

ಕ್ರೀಡಾಕೂಟದವರು ಧುಮುಧುಮು ಇಳಿದರು. ಬಸ್ಸು ಹೆಚ್ಚುಕಡಿಮೆ ಖಾಲಿಯಾಯಿತು. ಎಡಗಡೆಯ ಮೂರನೇ ಸೀಟಿನಲ್ಲಿ ದೀಕ್ಷಿತಾ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಮೋಹಿನಿ ಟೀಚರ್ ಇಳಿಯುವಾಗ ಅವಳ ಕಡೆ ಒಂದು ಹೆಜ್ಜೆ ಹಾಕಿದರು. ಡೊಂಬಯ್ಯ ಬೇಡ ಎಂದು ಕಣ್ಣಲ್ಲೇ ತಡೆದ. ಅಷ್ಟರಲ್ಲಿ ಫೋನು ಬಡಿದುಕೊಂಡಿತು.

“ಡೊಂಬಯ್ಯಣ್ಣ, ಬೆಲ್ ಆಯ್ತು. ದೀಕ್ಷಿತಾ ಬರ್ಲಿಲ್ಲ.” ಸಜ್ನಾ ಟೀಚರ ಸ್ವರದಲ್ಲಿ ಗಾಬರಿ ಇತ್ತು.

“ಇಲ್ಲೇ ಇದ್ದಾಳೆ ಟೀಚರ್, ನನ್ನ ಕಣ್ಣೆದುರೇ. ಸ್ಟಾಪು ತಪ್ಪಿತು. ನಾನೇ ರಿಕ್ಷಾದಲ್ಲಿ ಕರ್ಕೊಂಡು ಬರ್ತೇನೆ.”

ಟೀಚರ್ ಬೇರೆಯೇ ಕೇಳಿದರು. “ಅಳ್ತಾ ಇದ್ದಾಳಾ?”

“ಇಲ್ಲ. ಕಿಟಕಿಯಲ್ಲಿ ನೋಡ್ತಾ ಕೂತಿದ್ದಾಳೆ.”

“ನಿಮ್ಮ ಬಸ್ಸು ತಿರುಗಿ ಹೊರಡ್ಲಿಕ್ಕೆ ಎಷ್ಟು ಹೊತ್ತುಂಟು?”

“ಹದಿನೈದು ನಿಮಿಷ.”

“ಹಾಗಾದ್ರೆ ಅಷ್ಟು ಹೊತ್ತು ನೋಡುವ. ಕಣ್ಣು ತೆಗೀಬೇಡಿ. ಬಾಯಿ ತೆಗೀಬೇಡಿ.”

ಬಾಯಿ ತೆಗೆಯದೆ ನಿಲ್ಲುವುದೆಂದರೆ ಏನೆಂದು ಡೊಂಬಯ್ಯನಿಗೆ ಆ ದಿನ ಗೊತ್ತಾಯಿತು. ಒಂದು ರಿಕ್ಷಾ ಕರೆದರೆ ಮುಗಿಯುತ್ತಿತ್ತು. ಮಿಲ್ಲಿನ ಹತ್ತಿರ ಬಿಟ್ಟು, ಹಾಳೆಯಲ್ಲಿ ಆರನೆಯ ಟಿಕ್ ಹಾಕಿದ್ದರೆ ಕೇಳುವವರು ಯಾರು? ಅವನ ಕೈ ಎರಡು ಸಲ ಚೀಲದ ತನಕ ಹೋಗಿ ಬಂತು. ದೀಕ್ಷಿತಾ ಅವನತ್ತ ನೋಡಿದಳು. ಅವನು ಟಿಕೆಟಿನ ಮೆಷಿನನ್ನು ಬಿಚ್ಚಿ ಕಾಗದದ ಸುರುಳಿ ನೋಡುವವನಂತೆ ನಟಿಸಿದ. ಅಷ್ಟು ಕೆಟ್ಟ ಕೆಲಸ ತಾನು ಜೀವಮಾನದಲ್ಲಿ ಮಾಡಿಲ್ಲ ಎಂದು ಅವನಿಗೆ ಅನ್ನಿಸಿತು.

ಐದು ನಿಮಿಷವಾಯಿತು, ಏಳಾಯಿತು. ದೀಕ್ಷಿತಾ ಎದ್ದು ಇಳಿದಳು. ಹನೀಫಾ ಬಸ್ಸಿನ ಮುಂದೆ ನಿಂತು ‘ಮೂಡುಬಿದಿರೆ’ ಎಂಬ ಬೋರ್ಡನ್ನು ತೆಗೆದು ‘ಬಿ.ಸಿ.ರೋಡ್’ ಬೋರ್ಡು ಸಿಕ್ಕಿಸುತ್ತಿದ್ದ. ಅವಳು ಆ ಬೋರ್ಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಟೈಮ್ ಕೀಪರ್ ಕೂರುವ ಗೂಡಿನ ಕಡೆ ನಡೆದಳು. ಡೊಂಬಯ್ಯ ಹತ್ತು ಹೆಜ್ಜೆ ಹಿಂದೆ, ಕಂಬದಿಂದ ಕಂಬಕ್ಕೆ ಮರೆಯಾಗುತ್ತ ಹೋದ. ಟೈಮ್ ಕೀಪರ್ ಅಬ್ದುಲ್ ಶುಕೂರ್ ಯಾರಿಗೂ ಮುಖ ಕೊಟ್ಟು ಮಾತಾಡುವ ಪೈಕಿ ಅಲ್ಲ. ಅವಳು ಗೂಡಿನ ಮುಂದೆ ನಿಂತು ಮಾತು ಹುಡುಕಿದಳು. ಶುಕೂರ್ ವಾಚು ನೋಡಿ ಏನೋ ಬರೆಯುತ್ತಲೇ ಇದ್ದ. ಅವಳ ಪರವಾಗಿ ಮಾತಾಡುವವರು ಅಲ್ಲಿ ಯಾರೂ ಇರಲಿಲ್ಲ.

“ಆ ಬಸ್ಸು ಮರದ ಮಿಲ್ಲಿಗೆ ಹೋಗ್ತದಾ?”

ಪೂರ್ತಿ ವಾಕ್ಯ. ಶುಕೂರ್ ತಲೆಯೆತ್ತಲಿಲ್ಲ. “ಹೋಗ್ತದೆ. ಆರು ನಿಮಿಷ ಉಂಟು. ಹತ್ತಿ ಕೂತ್ಕೋ.”

ಅವನು ಪಾಪ ಎನ್ನಲಿಲ್ಲ, ಯಾರ ಮಗಳು ಎಂದು ಕೇಳಲಿಲ್ಲ. ಎಲ್ಲರಿಗೂ ಎಷ್ಟು ಒರಟಾಗಿ ಉತ್ತರ ಕೊಡುತ್ತಾನೋ ಅಷ್ಟೇ ಒರಟಾಗಿ ಕೊಟ್ಟ. ಇಡೀ ತಿಂಗಳಲ್ಲಿ ದೀಕ್ಷಿತಾಳಿಗೆ ಸಿಕ್ಕಿದ ಅತ್ಯಂತ ಮರ್ಯಾದೆಯ ಉತ್ತರ ಅದು ಎಂದು ಡೊಂಬಯ್ಯ ಈಗಲೂ ಹೇಳುತ್ತಾನೆ.

ಅವಳು ಬಂದು ಅದೇ ಸೀಟಿನಲ್ಲಿ ಕೂತಳು. ಬಸ್ಸು ಹೊರಟಿತು. ಡೊಂಬಯ್ಯ ಅವಳ ಮುಂದೆ ಬಂದು ಎಲ್ಲರನ್ನೂ ಕೇಳುವ ಹಾಗೆ ಕೇಳಿದ. “ಎಲ್ಲಿಗೆ?”

“ಮಿಲ್ಲ್, ಒಂದು.” ದುಡ್ಡು ಕೊಟ್ಟಳು. ಟಿಕೆಟು ತೆಗೆದುಕೊಂಡಳು. ಆಮೇಲೆ ಮುಖ ಗಂಟಿಕ್ಕಿಕೊಂಡು ಅವನನ್ನೇ ನೋಡಿ, ಬಿಡಿಬಿಡಿಯಾಗಿ ಅಂದಳು. “ಡೊಂಬಯ್ಯ ಮಾಮ, ಇವತ್ತು ನೀವು ಯಾರೂ ಸುಮ್ಮನಾಗಲೇ ಇಲ್ಲ.”

ಡೊಂಬಯ್ಯ ಕಂಬಿ ಹಿಡಿದು ನಿಂತ. ಐದು ದಿನ ಅವಳು ನೋಡಿದ್ದು ದಿಮ್ಮಿಗಳ ರಾಶಿಯನ್ನಲ್ಲ. ಬಸ್ಸು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿದರೆ ಇಳಿಯಬೇಕು ಎಂದು ಕಲಿತಿದ್ದಳು. ಹೇಳಿಕೊಡಬಾರದೆಂದು ಐವತ್ತು ಜನ ಸೇರಿ, ಒಟ್ಟಿಗೆ ಉಸಿರು ಹಿಡಿದು, ದಿನಾ ಹೇಳಿಕೊಟ್ಟಿದ್ದರು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ‘ಮಂದಾರ’ದ ಬಂಗಾರ ಪೂರ್ತಿ ನಕಲಿಯಾಗಿತ್ತು.

ಅವನಿಗೆ ನಗು ಬಂತು, ನಾಚಿಕೆಯಾಯಿತು. ಆದರೆ ಮಿಲ್ಲಿನ ಸ್ಟಾಪಿಗೆ ಇನ್ನು ಐದೇ ನಿಮಿಷ. ಈ ಸಲ ಸುಮ್ಮನಾದರೆ ಅದೂ ಹೇಳಿಕೊಟ್ಟಂತೆಯೇ. ಅವನು ತಿರುಗಿ, ಸಂತೆಚೀಲ ಹಿಡಿದ ಮುದುಕರೊಬ್ಬರ ಹತ್ತಿರ ಬೂತಾಯಿ ಮೀನಿನ ರೇಟಿನ ಬಗ್ಗೆ ಜಗಳವನ್ನೇ ಶುರುಮಾಡಿದ. ಜಗಳದ ನಡುವೆ ಓರೆಗಣ್ಣಿನಿಂದ ನೋಡಿದರೆ ದೀಕ್ಷಿತಾ ಕಿಟಕಿಗೆ ಹಣೆ ಒತ್ತಿ ಹೊರಗೆ ನೋಡುತ್ತಿದ್ದಳು. ಯಾರೂ ಸುಮ್ಮನಾಗದ ಬಸ್ಸಿನಲ್ಲಿ ಬೇರೆ ದಾರಿಯಿರಲಿಲ್ಲ. ದಿಮ್ಮಿಗಳ ರಾಶಿ ಕಂಡದ್ದೇ ಎದ್ದಳು, ಬಾಗಿಲಿಗೆ ಬಂದಳು. ಡೊಂಬಯ್ಯ ವಿಸಿಲ್ ಊದಿದ. ಅವಳು ಇಳಿದು, ಎಡಕ್ಕೂ ಬಲಕ್ಕೂ ನೋಡಿ ರಸ್ತೆ ದಾಟಿದಳು. ಗೇಟಿನಲ್ಲಿ ಸಜ್ನಾ ಟೀಚರ್ ನಿಂತಿದ್ದರು. ಅವರೂ ಕೈ ಚಾಚಲಿಲ್ಲ.

ಮಧ್ಯಾಹ್ನದ ಟ್ರಿಪ್ಪಿನಲ್ಲಿ ಡೊಂಬಯ್ಯ ಹಾಳೆಯನ್ನು ಟೀಚರ ಕೈಗೆ ಕೊಟ್ಟ. “ಐದೂ ಟಿಕ್ಕು ಅಳಿಸಿಹಾಕಿ ಟೀಚರ್. ಅದು ನಾವು ಮಾಡಿದ್ದು, ಅವಳಲ್ಲ.” ನಡೆದದ್ದನ್ನೆಲ್ಲ ಕೇಳಿ ಟೀಚರ್ ಮೊದಲು ಹಣೆ ಚಚ್ಚಿಕೊಂಡರು. ಬಸ್ಸಿನ ಮೌನ ತನಗೂ ಹೊಳೆಯಲಿಲ್ಲವಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಆಮೇಲೆ ಪೆನ್ನು ತೆಗೆದು ಐದು ಟಿಕ್ಕುಗಳ ಮೇಲೂ ಗೀಟೆಳೆದರು. ಕೊನೆಯ ಸಾಲಿಗೆ ಬಂದರು. ಸ್ಟಾಪು ತಪ್ಪಿದರೆ ಏನು ಮಾಡುತ್ತಾಳೆ ಎಂಬುದರ ಮುಂದೆ, ‘ತಾನೇ’ ಎಂಬ ಕಾಲಮ್ಮಿನಲ್ಲಿ ಒಂದು ದೊಡ್ಡ ಟಿಕ್ ಹಾಕಿದರು. “ಇದು ನಮ್ಮ ಎಷ್ಟೋ ಮಕ್ಕಳಿಗೆ ಬರುವುದಿಲ್ಲ ಡೊಂಬಯ್ಯಣ್ಣ. ದೊಡ್ಡವರಿಗೂ ಬರುವುದಿಲ್ಲ.”

ಆದರೆ ಪದ್ಮಾಕ್ಷಿಗೆ ಆ ಟಿಕ್ ಬೇಕಾಗಿರಲಿಲ್ಲ. ಮಗಳು ಸ್ಟಾಪು ತಪ್ಪಿದಳು ಎಂಬುದಷ್ಟೇ ಅವಳ ಕಿವಿಗೆ ಹೋಯಿತು. ಇನ್ನು ಶಾಲೆಯಿಲ್ಲ ಎಂದು ಫೋನಿನಲ್ಲಿ ಟೀಚರಿಗೆ ಹೇಳಿಬಿಟ್ಟಳು. ಭಾನುವಾರ ಡೊಂಬಯ್ಯ ಸೋರ್ನಾಡಿನ ಅವಳ ಮನೆಗೆ ಹೋದ. ಪದ್ಮಾಕ್ಷಿ ಜಗಲಿಯಲ್ಲಿ ಕೊನೆಯ ಕಟ್ಟು ಬೀಡಿ ಸುತ್ತುತ್ತಿದ್ದಳು. ಒಳಗೆ ದೀಕ್ಷಿತಾ ಟಿ.ವಿ. ನೋಡುತ್ತಿದ್ದಳು.

“ಅಲ್ಲಿ ನೀವು ಇದ್ರಿ, ಸರಿಯಾಯ್ತು,” ಎಂದಳು ಪದ್ಮಾಕ್ಷಿ. “ನೀವಿಲ್ಲದ ದಿನ? ಬೇರೆ ಬಸ್ಸು ಬಂದ್ರೆ? ನನಗೆ ಇರುವುದು ಒಬ್ಬಳೇ ಮಗಳು ಡೊಂಬಯ್ಯಣ್ಣ.”

ಡೊಂಬಯ್ಯ ಏನೇನೋ ಸಮಾಧಾನ ಯೋಚಿಸಿಕೊಂಡು ಹೋಗಿದ್ದ. ಬಾಯಿಗೆ ಬಂದದ್ದು ಬೇರೆಯೇ.

“ಪದ್ಮಕ್ಕ, ನನಗೊಬ್ಬ ತಮ್ಮ ಇದ್ದ, ಅಣ್ಣು ಅಂತ. ನಿಮ್ಮ ದೀಕ್ಷಿತಾನ ಹಾಗೆಯೇ. ಮುಂಡಾಜೆಯಲ್ಲಿ ನಾವು ಒಟ್ಟಿಗೇ ಶಾಲೆಗೆ ಹೋದದ್ದು. ಇವನಿಗೆ ಪಾಠ ಹತ್ತುವುದಿಲ್ಲ, ಪಾಪ, ಮನೆಯಲ್ಲೇ ಇರ್ಲಿ ಅಂತ ಮಾಷ್ಟ್ರು ಹೇಳಿದ್ರು. ನಮ್ಮ ಅಪ್ಪ ಅಮ್ಮನೂ ಅದನ್ನೇ ಹೇಳಿದ್ರು. ಯಾರೂ ಕೆಟ್ಟವರಲ್ಲ. ಅಮ್ಮ ಊಟ ಕಲಸಿ ಕೊಡ್ತಿದ್ರು. ನಾನು ಕೈಹಿಡಿದು ಬಸ್ಸು ಹತ್ತಿಸ್ತಿದ್ದೆ, ಕೈಹಿಡಿದು ಇಳಿಸ್ತಿದ್ದೆ. ಬೆಳ್ತಂಗಡಿ ಪೇಟೆಯಲ್ಲಿ ಒಂದು ಸೋಡಾ ಬೇಕಿದ್ರೆ ನಾನೇ ಕೇಳ್ತಿದ್ದೆ.”

ಪದ್ಮಾಕ್ಷಿಯ ಕೈ ನಿಂತಿತು.

“ನಲವತ್ತಮೂರು ವರ್ಷ ಬದುಕಿದ ಪದ್ಮಕ್ಕ. ಒಂದು ದಿನವೂ ದಾರಿ ತಪ್ಪಲಿಲ್ಲ. ತಪ್ಪಲಿಕ್ಕೆ ನಾವು ಬಿಟ್ಟದ್ದೇ ಇಲ್ಲ.” ಅವನು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. “ನಾನು ದಿನಕ್ಕೆ ಸಾವಿರ ಜನರ ಬಾಯಲ್ಲಿ ಕೇಳುವ ಒಂದು ಮಾತುಂಟಲ್ಲ, ಜಪ್ಪರೆ ಉಂಡು ಅಂತ. ನನ್ನ ತಮ್ಮ ಅದನ್ನು ಒಂದೇ ಒಂದು ಸಲ ಹೇಳ್ಲಿಲ್ಲ. ನಿನ್ನೆ ನಿಮ್ಮ ಮಗಳು ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತು ದಾರಿ ಕೇಳಿದಳು. ನಾನು ಕಂಬದ ಹಿಂದೆ ನಿಂತು ಅತ್ತಿದ್ದೇನೆ, ಹನೀಫಾನತ್ರ ಹೇಳ್ಬೇಡಿ.”

ಪದ್ಮಾಕ್ಷಿ ಕೈಯಲ್ಲಿದ್ದ ಬೀಡಿ ಎಲೆಯ ತುದಿ ಮಡಚಿ ಬದಿಗಿಟ್ಟಳು. “ನಾಳೆ ಒಂದು ದಿನ ನೋಡುವ. ಹತ್ತು ಗಂಟೆಗೆ ಚಹಾಕ್ಕೆ ಬಿಡ್ತಾರಂತೆ, ಆಗ ನಿಮಗೆ ಫೋನ್ ಮಾಡ್ತೇನೆ. ನಾಳೆ ತಪ್ಪಿದ್ರೆ ಮತ್ತೆ ನನ್ನತ್ರ ಕೇಳ್ಬಾರ್ದು” ಎಂದಳು.

ಸೋಮವಾರ ಡೊಂಬಯ್ಯನ ಭಾಷಣ ಹೊಸದಾಗಿತ್ತು. “ಇವತ್ತಿನಿಂದ ಯಾರೂ ಬಾಯಿ ಮುಚ್ಚಬಾರದು. ಮಿಲ್ಲು ಬರುವಾಗ ಎಲ್ಲರೂ ಮಾತಾಡ್ತಾ ಇರ್ಬೇಕು. ಅವಳನ್ನು ಯಾರೂ ನೋಡಬಾರದು. ನೋಡಿದವರನ್ನು ಪುಚ್ಚೆಮೊಗರಿನಲ್ಲಿ ಇಳಿಸಿ ಹೋಗ್ತೇನೆ.” ಜನಕ್ಕೆ ಇದು ಮೊದಲಿನದಕ್ಕಿಂತ ಒಪ್ಪಿಗೆಯಾಯಿತು. ನಮ್ಮವರಿಗೆ ಮಾತಾಡಲು ಹೇಳಿಕೊಡಬೇಕೇ?

ಸೋರ್ನಾಡಿನಲ್ಲಿ ದೀಕ್ಷಿತಾ ಹತ್ತಿದಳು. ಪುಚ್ಚೆಮೊಗರು ದಾಟಿತು. ಮೋಹಿನಿ ಟೀಚರ್ ಯಾರದೋ ನಾದಿನಿಯ ಮದುವೆಯ ಊಟ ವರ್ಣಿಸುತ್ತಿದ್ದರು, ಹನೀಫಾ ಹಾಡಿನ ಸದ್ದು ಏರಿಸಿದ್ದ, ಹಿಂದಿನ ಸೀಟಿನಲ್ಲಿ ರಾಜಕೀಯ ಕಾವೇರಿತ್ತು. ಡೊಂಬಯ್ಯ ಮುಂದಿನ ಬಾಗಿಲಲ್ಲಿ, ಮೂರನೇ ಸೀಟಿಗೆ ಬೆನ್ನು ಹಾಕಿ, ತಿರುಗಬಾರದೆಂದು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಬೂತಾಯಿ, ಬಂಗುಡೆ ಎಂದು ಬಾಯಿ ತನ್ನಷ್ಟಕ್ಕೆ ಒದರುತ್ತಿತ್ತು. ಎದುರಿನ ಗಾಜಿನಲ್ಲಿ ದಿಮ್ಮಿಗಳ ರಾಶಿ ಕಂಡಿತು. ಮಿಲ್ಲಿನಲ್ಲಿ ಇಳಿಯುವವರು ಬೇರೆ ಯಾರೂ ಇಲ್ಲ. ಯಾರೂ ಕೂಗದಿದ್ದರೆ ಹನೀಫಾ ನಿಲ್ಲಿಸುವಂತಿಲ್ಲ, ಅದು ಮಾತಾಗಿತ್ತು. ರಾಶಿ ಹತ್ತಿರವಾಯಿತು. ಡೊಂಬಯ್ಯ ಕಣ್ಣು ಮುಚ್ಚಿಕೊಂಡ.

“ಜಪ್ಪರೆ ಉಂಡು.”

ಸಣ್ಣ ಸ್ವರ. ಅವನು ವಿಸಿಲನ್ನು ಬಾಯಿಗಿಟ್ಟ. ಊದಲು ಉಸಿರೇ ಬರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಗಂಟಲು ಕೈಕೊಟ್ಟಿತು. ಬಸ್ಸು ಹೋಗುತ್ತಲೇ ಇತ್ತು.

“ಮಾಮಾ! ಕೇಳುದಿಲ್ಲವಾ? ಜಪ್ಪರೆ ಉಂಡು!”

ಈ ಸಲ ಇಡೀ ಬಸ್ಸಿಗೆ ಕೇಳಿತು. ವಿಸಿಲ್ ಅರ್ಧ ಗಾಳಿ, ಅರ್ಧ ಸದ್ದಾಗಿ ಹೊರಬಂತು. ಹನೀಫಾ ಬ್ರೇಕ್ ಒತ್ತಿದ. ದೀಕ್ಷಿತಾ ಇಳಿದು, ಮಿಲ್ಲು ದಾಟಿ ಹತ್ತು ಮಾರು ಮುಂದೆ ನಿಂತ ಬಸ್ಸನ್ನು ತಿರುಗಿಯೂ ನೋಡದೆ, ಗೇಟಿನ ಕಡೆ ಹಿಂದಕ್ಕೆ ನಡೆದಳು. ಬಸ್ಸಿನೊಳಗೆ ಯಾರೂ ಮಾತು ನಿಲ್ಲಿಸಲಿಲ್ಲ. ಮೋಹಿನಿ ಟೀಚರ್ ಮಾತ್ರ ಮದುವೆಯ ಪಾಯಸಕ್ಕೆ ಬಂದಾಗ ಮೂಗು ಒರೆಸಿಕೊಂಡರು.

ಹತ್ತು ಗಂಟೆಗೆ ಸರಿಯಾಗಿ ಫೋನು ಬಂತು. ಆಚೆ ಕಡೆ ಫ್ಯಾಕ್ಟರಿಯ ಗದ್ದಲದ ನಡುವೆ ಪದ್ಮಾಕ್ಷಿ, “ಹೇಳಿ” ಎಂದಳು.

“ಪದ್ಮಕ್ಕ,” ಎಂದ ಡೊಂಬಯ್ಯ. “ಬಸ್ಸು ನಿಲ್ಲಿಸ್ಲಿಲ್ಲ ಅಂತ ನಿಮ್ಮ ಮಗಳು ಇವತ್ತು ನನಗೆ ಬೈದಳು.”